ಹೊಸಪೇಟೆ ಕೆಂಡದ ಎಡಗೈ ಹೆಬ್ಬೆರಳು

ಚಿತ್ತವಾಡ್ಗಿಯ ಜಂಬವ್ವನ ಎಡಗೈ ಹೆಬ್ಬೆರಳಿನ ಬಗ್ಗೆ ಹಬ್ಬಿರುವ ಕಥೆಗಳನ್ನೆಲ್ಲ ಒಂದೆಡೆ ಕೂಡಿಹಾಕಿದರೆ, ಆ ಬೆರಳಿಗೊಂದು ಗುಡಿ ಕಟ್ಟಿಸಿ ಪೂಜಾರಿಯನ್ನೂ ನೇಮಿಸಬೇಕಾದೀತು. ಆಕೆ ಮೊಬೈಲಿನಲ್ಲಿ ಕಥೆ ಬರೆಯುವುದು ಆ ಒಂದೇ ಬೆರಳಿನಿಂದ. ಲೋಕವೆಲ್ಲ ಎರಡೂ ಹೆಬ್ಬೆರಳು ಕುಣಿಸುತ್ತ ಬರೆಯುವ ಕಾಲದಲ್ಲಿ, ಈಕೆ ಫೋನನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅದೇ ಕೈಯ ಹೆಬ್ಬೆರಳನ್ನು ತಿಗಣೆ ಹೊಸಕುವವಳಂತೆ ಗಾಜಿನ ಮೇಲೆ ಒತ್ತುತ್ತಾಳೆ. ಬಲಗೈ ಮಾತ್ರ ಮೊಣಕಾಲ ಮೇಲೆ ಅಂಗಾತ ಬಿದ್ದಿರುತ್ತದೆ, ಬೆರಳು ಬಿಡಿಸಿಕೊಂಡು, ಏನನ್ನೂ ಮುಟ್ಟದೆ, ದರ್ಬಾರಿನಲ್ಲಿ ಕೂತ ರಾಜನ ಹಾಗೆ.

ಆ ಹೆಬ್ಬೆರಳು ಏಳುವುದನ್ನು ಕಂಡರೆ ಓಣಿಯ ನಾಯಿಗಳು ಆಚೆ ಬದಿಗೆ ದಾಟಿಕೊಳ್ಳುತ್ತವೆ ಎನ್ನುತ್ತಾರೆ. ಅದು ರಭಸದಿಂದ ಬಿದ್ದ ದಿನ ಓಣಿಯಲ್ಲಿ ಕಾಯಿಸಿದ ಹಾಲೆಲ್ಲ ಒಡೆಯಿತಂತೆ. ಪಕ್ಕದ ಮನೆಯ ಭರಮಮ್ಮ ಹೇಳುವ ಪ್ರಕಾರ ಅದೊಂದು ಹರಕೆ. ಇಲ್ಲದಿದ್ದರೆ ಫೋನಿನ ಗಾಜಿನ ಮೇಲೆ ಸದಾ ಬಿಳಿ ಗೆರೆಗಳು ಯಾಕಿರಬೇಕು? ಬರೆಯುವ ಮುಂಚೆ ಜಂಬವ್ವ ಫೋನಿಗೆ ವಿಭೂತಿ ಹಚ್ಚುತ್ತಾಳೆ ಎಂದು ಭರಮಮ್ಮ ಕಣ್ಣಾರೆ ಕಂಡವಳಂತೆ ಹೇಳಿಕೊಂಡು ತಿರುಗಿದ್ದಳು. ಓಣಿಯ ಗಂಡಸರ ಮತ ಬೇರೆ. ಬಲಗೈಯನ್ನು ಆಕೆ ಗಂಡ ಉಚ್ಚೆಂಗೆಪ್ಪನ ಕೆನ್ನೆಗೆಂದು ಮೀಸಲಿಟ್ಟಿದ್ದಾಳೆ ಎಂದು ಅವರು ನಂಬಿದ್ದರು. ಉಚ್ಚೆಂಗೆಪ್ಪನ ಮುಖ ನೋಡಿದವರಿಗೆ ಅದರಲ್ಲಿ ಅಸಾಧ್ಯವಾದದ್ದೇನೂ ಕಾಣುತ್ತಿರಲಿಲ್ಲ.

ಜಂಬವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವವಳು. ಹೊಸಪೇಟೆ ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಊಟಕ್ಕೆ ಕೂತವರು ಮುರಿಯುವ ರೊಟ್ಟಿಗಳಲ್ಲಿ ಬಹುಪಾಲು ಆಕೆಯ ಒಲೆಯ ಮೇಲೆ ಉಬ್ಬಿ ಬಂದವು. ಆದರೆ ಆಕೆಯ ಮನೆಯಲ್ಲಿ ರೊಟ್ಟಿಗಿಂತ ಹೇರಳವಾಗಿ ಸಿಗುತ್ತಿದ್ದ ವಸ್ತು ಸಿಟ್ಟು. ನಳ ಬಿಡುವವನ ಮೇಲೆ ಸಿಟ್ಟು, ಜೋಳಕ್ಕೆ ಕಲ್ಲು ಬೆರೆಸುವವನ ಮೇಲೆ ಸಿಟ್ಟು, ರೊಟ್ಟಿ ದಪ್ಪವಾಯಿತೆಂದು ಹೇಳಿ ಹತ್ತು ತಿಂದು ಎದ್ದುಹೋಗುವವನ ಮೇಲಂತೂ ವಿಪರೀತ ಸಿಟ್ಟು. ಆಕೆ ಬರಹಗಾರ್ತಿಯಾದದ್ದೂ ಸಿಟ್ಟಿನಿಂದಲೇ.

ಮೊಬೈಲಿನಲ್ಲಿ ಧಾರಾವಾಹಿ ಕಥೆ ಓದುವ ಆ್ಯಪ್ ಒಂದನ್ನು ಭರಮಮ್ಮ ತೋರಿಸಿಕೊಟ್ಟಿದ್ದಳು. ಜಂಬವ್ವ ಓದಿದಳು. ಮೊದಲ ಕಥೆಯ ನಾಯಕಿ ಅತ್ತಳು. ಎರಡನೆಯದರ ನಾಯಕಿ ಅಳುತ್ತಲೇ ಪಾತ್ರೆ ತೊಳೆದಳು. ಮೂರನೆಯವಳನ್ನು ಗಂಡ ಹೊರಗೆ ಹಾಕಿದ, ಆಕೆ ಅವನ ಕ್ಷೇಮಕ್ಕಾಗಿ ಉಪವಾಸ ಕೂತಳು. ಜಂಬವ್ವನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಆ ಉಪವಾಸದವಳಿಗೆ ಎದ್ದು ಎರಡು ರೊಟ್ಟಿ ತಿಂದು ಗಂಡನ ಅಂಗಿ ಹಿಡಿಯಲು ಹೇಳಿ ಎಂದು ಕಥೆಯ ಕೆಳಗೆ ಬರೆದಳು. ಯಾರೋ ಒಬ್ಬ, ಅಷ್ಟು ಗೊತ್ತಿದ್ದರೆ ನೀವೇ ಬರೆಯಿರಿ ಎಂದು ಉತ್ತರ ಕೊಟ್ಟ. ಪಾಪ, ಅವನು ಎಂಥ ಡ್ಯಾಮಿನ ಗೇಟು ಎತ್ತುತ್ತಿದ್ದೇನೆಂದು ತಿಳಿಯದೆ ಬರೆದಿದ್ದ.

ಹೀಗೆ ಹುಟ್ಟಿದವಳು ಹಟಮಾರಿ ಹೊನ್ನಮ್ಮ. ಕಮಲಾಪುರದ ಬಾಳೆತೋಟದವಳು, ವಿಧವೆ, ಯಾರಿಗೂ ತಲೆ ತಗ್ಗಿಸದವಳು. ಗಂಡ ಸತ್ತ ಮೇಲೆ ತೋಟವನ್ನು ಸದ್ದಿಲ್ಲದೆ ತನ್ನ ಹೆಸರಿಗೆ ಮಾಡಿಕೊಂಡ ಮೈದುನನ ಜೊತೆ ಆಕೆಯ ಯುದ್ಧ. ಹೊನ್ನಮ್ಮ ಒಂದು ಕಂತಿನಲ್ಲೂ ಅಳಲಿಲ್ಲ. ಬೈದಳು, ಬಾಳೆಗೊನೆ ಕಡಿದಳು, ಪಂಚಾಯಿತಿಗೆ ಹೋಗಿ ಕಟ್ಟೆಯ ಮೇಲೆ ಗಂಡಸರ ಸರಿಸಮ ಕೂತಳು. ನೋಡನೋಡುತ್ತ ಆಕೆ ಕಂಪ್ಲಿಯ ಅಕ್ಕಿಗಿರಣಿಗಳಲ್ಲಿ, ಸಂಡೂರಿನ ಲಾರಿಗಳಲ್ಲಿ, ಮಲಪನಗುಡಿಯ ಕಬ್ಬಿನ ಗದ್ದೆಯ ಬದುಗಳಲ್ಲಿ ಓಡಾಡತೊಡಗಿದಳು. ನಳದ ಹತ್ತಿರ ಕೊಡ ಸಾಲಿಟ್ಟು ಕಾಯುವಾಗ ಭರಮಮ್ಮ ಗಟ್ಟಿಯಾಗಿ ಓದುವುದು, ಉಳಿದವರು ಮೈದುನನನ್ನು ಬೈಯುವುದು ಓಣಿಯ ಪದ್ಧತಿಯಾಯಿತು. ನೀರು ಬಂದರೂ ಕಂತು ಮುಗಿಯುವವರೆಗೆ ಯಾರೂ ಕೊಡ ಮುಂದಿಡುತ್ತಿರಲಿಲ್ಲ. ಆ್ಯಪಿನವರು ಆಕೆಯ ಕಥೆಯನ್ನು ಎಲ್ಲಕ್ಕಿಂತ ಮೇಲೆ ತಂದಿಟ್ಟರು, ತಿಂಗಳು ತಿಂಗಳು ದುಡ್ಡನ್ನೂ ಹಾಕತೊಡಗಿದರು.

ಆ್ಯಪಿನಲ್ಲಿ ಆಕೆಯ ಹೆಸರು ಹೊಸಪೇಟೆ ಕೆಂಡ. ಹೆಸರು ಹಾಕಿ ಎಂದು ಫೋನು ಕೇಳಿದಾಗ ಆಕೆ ಒಲೆಯ ಮುಂದಿದ್ದಳು, ಕಣ್ಣೆದುರು ಇದ್ದದ್ದನ್ನು ಹಾಕಿದ್ದಳು. ಫೋನ್ ನಂಬರಿನ ಜಾಗದಲ್ಲಿ ಹಾಕಿದ್ದು ಗಂಡನ ನಂಬರು. ತನ್ನ ನಂಬರು ಆಕೆಗೆ ಬಾಯಿಗೆ ಬರುತ್ತಿರಲಿಲ್ಲ. ತನಗೆ ತಾನೇ ಯಾರು ಫೋನ್ ಮಾಡಿಕೊಳ್ಳುತ್ತಾರೆ? ಗಂಡನ ನಂಬರು ಮಾತ್ರ ಊಟ ಆರುತ್ತಿದೆ ಎಂದು ಹೇಳಿ ಹೇಳಿ ಬೆರಳಿಗೇ ಅಂಟಿತ್ತು. ಎಲ್ಲ ಅನಾಹುತಕ್ಕೂ ಮೂಲ ಅಲ್ಲಿತ್ತು.

ಉಚ್ಚೆಂಗೆಪ್ಪ ಸಂಡೂರು ರಸ್ತೆಯ ಒಂದು ವೇಬ್ರಿಡ್ಜಿನಲ್ಲಿ ಅದಿರಿನ ಲಾರಿ ತೂಗುವವನು. ದಿನವಿಡೀ ಭಾರ ನೋಡಿ ನೋಡಿ ಜಗತ್ತಿನಲ್ಲಿ ತೂಕವಿರುವುದು ತನಗೊಬ್ಬನಿಗೇ ಎಂಬ ತೀರ್ಮಾನಕ್ಕೆ ಬಂದಿದ್ದ. ಹೆಂಡತಿ ಬರೆದ ಒಂದು ಸಾಲನ್ನೂ ಅವನು ಓದಿರಲಿಲ್ಲ, ಹಾಗೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಲೂ ಇದ್ದ. ಆಕೆ ಫೋನು ಹಿಡಿದು ಕೂತರೆ ಅವನದು ಒಂದೇ ಪಲ್ಲವಿ:

"ಎಷ್ಟ್ ಒತ್ತತೀಯಲೇ ಅದನ್ನ, ಅದೇನು ನಿಮ್ಮಪ್ಪನ ಕಾಲಾ?"

ಇಂಥ ಉಚ್ಚೆಂಗೆಪ್ಪನಿಗೆ ಒಂದು ದಿನ ಕಂಪ್ಲಿಯಿಂದ ಫೋನು ಬಂತು. ಮಾತಾಡಿದವರು ಅಕ್ಕಿಗಿರಣಿಯ ಸಾಹುಕಾರ ಜಡೆಪ್ಪ. ಅಕ್ಕಿಯ ವ್ಯಾಪಾರ ಅವರ ಹೊಟ್ಟೆಪಾಡು, ಸನ್ಮಾನ ಮಾಡುವುದು ಅವರ ಚಟ. ಊರಲ್ಲಿ ಯಾರಿಗಾದರೂ ಶಾಲು ಹೊದಿಸದೆ ತಿಂಗಳು ಕಳೆದರೆ ಅವರಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಆ್ಯಪಿನವರಿಗೆ ದುಂಬಾಲು ಬಿದ್ದು ಹೊಸಪೇಟೆ ಕೆಂಡದ ನಂಬರು ಸಂಪಾದಿಸಿದ್ದರು. ಇಷ್ಟು ಖಾರವಾಗಿ ಬರೆಯುವವರು ಗಂಡಸೇ ಇರಬೇಕೆಂದು ಅವರಾಗಿಯೇ ನಿಶ್ಚಯಿಸಿದ್ದರು. ಅವರು ಬಾಯಿ ತುಂಬ, ಸಾಹಿತಿಗಳು ನಮ್ಮೂರಿಗೆ ದಯಮಾಡಿಸಬೇಕು ಎಂದಾಗ ಉಚ್ಚೆಂಗೆಪ್ಪನ ಕಿವಿ ನಿಮಿರಿದವು. ವೇಬ್ರಿಡ್ಜಿನಲ್ಲಿ ಅವನನ್ನು ಮಾಲೀಕ ಕರೆಯುತ್ತಿದ್ದದ್ದು ಲೇ ಎಂದು, ಡ್ರೈವರುಗಳು ಕರೆಯುತ್ತಿದ್ದದ್ದು ಅದಕ್ಕೂ ಕೆಳಗಿನ ಹೆಸರುಗಳಿಂದ. ಸಾಹಿತಿಗಳು ಎಂಬ ಶಬ್ದ ಎದೆಯೊಳಗೆ ಇಳಿದು ಬೆಚ್ಚಗೆ ಕೂತಿತು. ಅವನು ಆಯ್ತ್ರಿ, ಬರ್ತೀನಿ ಎಂದುಬಿಟ್ಟ.

ಹೆಂಡತಿಗೆ ಹೇಳಿದ್ದು, ಕಂಪ್ಲಿಯಲ್ಲಿ ಗೆಳೆಯನ ಮಗನ ನಿಶ್ಚಿತಾರ್ಥ ಎಂದು. ಜಂಬವ್ವ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ಕೊಟ್ಟಳು. ಸಂಜೆ ಅವನು ಬುಟ್ಟಿ ತುಂಬ ಹಣ್ಣು ತಂದ. ನಿಶ್ಚಿತಾರ್ಥದವರು ಭಾರೀ ಉದಾರಿಗಳು ಎಂದುಕೊಂಡು ಆಕೆ ಬಾಳೆಹಣ್ಣು ಸುಲಿದು ತಿಂದಳು, ಭರಮಮ್ಮನಿಗೂ ಕೊಟ್ಟಳು, ಸೇಬು ಕೊಯ್ದು ಗಂಡನ ಮುಂದಿಟ್ಟಳು.

ಮರುದಿನ ನಳದ ಹತ್ತಿರ ಭರಮಮ್ಮ ಫೋನಿನಲ್ಲಿ ಒಂದು ವಿಡಿಯೋ ನೋಡುತ್ತ ಕಲ್ಲಿನಂತೆ ನಿಂತಿದ್ದಳು.

"ಯಕ್ಕಾ, ಇದು ನಿಮ್ಮ ಮನಿಯೋರೇ ಅಲ್ಲೇನು?"

ಹೌದು, ಮನೆಯವರೇ. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಯಲ್ಲಿ ಆ ಹಣ್ಣಿನ ಬುಟ್ಟಿ. ಹಿಂದಿನ ಬ್ಯಾನರಿನಲ್ಲಿ ಆಳೆತ್ತರದ ಅಕ್ಷರ: ನಾಡಿನ ಹೆಮ್ಮೆಯ ಕಥೆಗಾರ ಹೊಸಪೇಟೆ ಕೆಂಡ. ಜಂಬವ್ವ ಪೇಟವನ್ನು ಸಹಿಸಿದಳು, ಶಾಲನ್ನೂ ಸಹಿಸಿದಳು. ಆಮೇಲೆ ಅವನು ಮೈಕಿನ ಮುಂದೆ ಬಂದು ಮಾತಾಡಿದ. ಬರಹಗಾರನ ದಾರಿ ಮುಳ್ಳಿನದು ಎಂದ. ಮನೆಯವರ ಸಹಕಾರವೇ ಇರಲಿಲ್ಲ ಎಂದ. ದನಿ ಸಣ್ಣದು ಮಾಡಿ, ಫೋನು ಹಿಡಿದು ಕೂತರೆ ಸಾಕು, ಅದೇನು ನಿಮ್ಮಪ್ಪನ ಕಾಲಾ, ಎಷ್ಟು ಒತ್ತುತ್ತೀರಿ ಎಂದು ಹೆಂಡತಿ ಹಂಗಿಸುತ್ತಾಳೆ ಎಂದ. ಸಭೆ ಅಯ್ಯೋ ಎಂದಿತು. ಅವನು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಜಂಬವ್ವನ ಕೊಡ ತುಂಬಿ ಹರಿಯುತ್ತಿತ್ತು. ಆಕೆಗೆ ಗೊತ್ತಾಗಲಿಲ್ಲ. ಕಥೆ ಕದ್ದ, ಹೆಸರು ಕದ್ದ, ಅಷ್ಟಕ್ಕೇ ಬಿಡಲಿಲ್ಲ. ತಾನು ಇಷ್ಟು ದಿನ ನುಂಗಿಕೊಂಡ ಚುಚ್ಚುಮಾತನ್ನೂ ಕದ್ದು, ತಿರುಗಿಸಿ, ತನ್ನ ಬಾಯಿಗೇ ತುರುಕಿದ್ದ. ಅದರ ಮೇಲೆ, ತನ್ನ ಸನ್ಮಾನದ ಬಾಳೆಹಣ್ಣನ್ನು ತಾನೇ ಸುಲಿದು, ಚೆನ್ನಾಗಿದೆ ಎಂದು ಹೊಗಳಿ ತಿಂದಿದ್ದಳು. ಹೊಟ್ಟೆಯೊಳಗಿನ ಆ ಹಣ್ಣು ನೆನಪಾದಾಗ ಆಕೆಯ ಮೈ ಹಂಚಿನಂತೆ ಕಾದುಹೋಯಿತು.

ಓಣಿಯವರೆಲ್ಲ ಆ ಸಂಜೆ ಬಾಗಿಲ ಹತ್ತಿರವೇ ಇದ್ದರು, ಮೀಸಲು ಬಲಗೈ ಇವತ್ತು ಖರ್ಚಾಗುವುದು ಖಂಡಿತ ಎಂದು. ಆದರೆ ಜಂಬವ್ವ ಗಂಡನಿಗೆ ನೀರು ಕೊಟ್ಟಳು, ತಾಟು ಇಟ್ಟಳು, ಎದುರಿಗೆ ಕೂತಳು.

"ನಿಶ್ಚಿತಾರ್ಥ ಹೆಂಗಾತ್ರಿ?"

"ಮಸ್ತ್ ಆತು."

"ಹುಡುಗನಿಗೆ ಪೇಟ ಸುತ್ತಿದ್ರಂತ."

ಉಚ್ಚೆಂಗೆಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಸಿಕ್ಕಿಬಿದ್ದ ಗಂಡಸರು ಮಾಡುವುದನ್ನೇ ಅವನೂ ಮಾಡಿದ, ತಾನೇ ಮೊದಲು ಸಿಟ್ಟಾದ. ಹೆಸರಿನಲ್ಲಿ ಏನಿದೆ, ಮನೆ ಒಂದೇ ಅಲ್ಲವೇ, ಗೌರವ ಬಂದದ್ದು ಮನೆಗೇ ಅಲ್ಲವೇ ಎಂದು ಎಗರಾಡಿದ. ಹೆಂಗಸು ಹೋಗಿ ಸ್ಟೇಜಿನ ಮೇಲೆ ನಿಂತಿದ್ದರೆ ಜನ ಏನೆನ್ನುತ್ತಿದ್ದರು ಎಂದು ಕೇಳಿದ. ಕೊನೆಗೆ ತೂಕದ ಕಲ್ಲು ಇಟ್ಟಂತೆ ಹೇಳಿದ:

"ನಂಬರ್ ನಂದು. ಸಿಮ್ ನನ್ನ ಹೆಸರಿನಾಗ ಐತಿ. ಕಾನೂನು ಪ್ರಕಾರ ನೋಡಿದ್ರ ಅದು ನಂದ."

"ಹಂಗಾದ್ರ ಕತಿನೂ ನಿಮ್ದ ಆತು," ಎಂದಳು ಜಂಬವ್ವ. "ಮುಂದಿಂದು ನೀವ ಬರ್ಕೊಳ್ರಿ. ನಂದು ಇರೋದು ಒಂದ ಮಾತು. ಎಲ್ಲಿ ನಿಂತು ಬರೆದೋನು ನಾನು ಅಂದ್ರೀ, ಅಲ್ಲೇ ನಿಂತು ನನ್ನ ಹೆಸರು ಹೇಳ್ರಿ. ಹೇಳೋತನ ಹೊನ್ನಮ್ಮ ಅಲ್ಲಾಡಂಗಿಲ್ಲ."

ಅಂದು ಮಧ್ಯಾಹ್ನವೇ ಆಕೆ ಒಂದು ಕಂತು ಹಾಕಿ ಮುಗಿಸಿದ್ದಳು. ಅದರಲ್ಲಿ ಹೊನ್ನಮ್ಮ ತೋಟದ ನಡುವೆ ಮೈದುನನನ್ನು ಅಡ್ಡಗಟ್ಟಿ, ಅವನ ಕುತ್ತಿಗೆಯ ಮೇಲೆ ಕುಡುಗೋಲು ಎತ್ತಿದ್ದಳು. ಅಲ್ಲಿಗೆ ಕಂತು ಮುಗಿದಿತ್ತು. ಜಂಬವ್ವ ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕ ಬೋರಲು ಹಾಕಿದಳು.

ವಿಜಯನಗರದ ಸೈನ್ಯವೇ ಹೊರಟು ನಿಂತಿದ್ದರೂ ಈ ಸೀಮೆ ಅಷ್ಟು ತಳಮಳಿಸುತ್ತಿರಲಿಲ್ಲವೇನೋ. ಆ ಕುಡುಗೋಲು ಹೊಸಪೇಟೆಯಿಂದ ಕಂಪ್ಲಿಯವರೆಗೆ ಎಲ್ಲರ ತಲೆಯ ಮೇಲೆ ತೂಗಿತು. ದಿನಗಳು ಕಳೆದವು, ಅದು ಬೀಳಲೊಲ್ಲದು. ಜನ ಕೇಳುವುದಾದರೂ ಯಾರನ್ನು? ಪೇಟ ಸುತ್ತಿಕೊಂಡವನನ್ನು. ಸಂಡೂರು ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುವ ಮೊದಲು, ಕುಡುಗೋಲು ಬಿತ್ತೋ ಇಲ್ಲವೋ ಎಂದು ಕೇಳಿದ. ಮಿರ್ಚಿ ಅಂಗಡಿಯವನು ಮಿರ್ಚಿ ಕೊಡದೆ ಕೇಳಿದ. ಲಾರಿ ಡ್ರೈವರುಗಳು ವೇಬ್ರಿಡ್ಜಿನ ಮೇಲೆ ಗಾಡಿ ನಿಲ್ಲಿಸಿ, ಉತ್ತರ ಸಿಗುವವರೆಗೆ ಇಳಿಸುವುದಿಲ್ಲ ಎಂದು ಕೂತರು. ಹಿಂದೆ ಹಾರ್ನುಗಳು ಬೊಬ್ಬೆಯಿಟ್ಟವು. ಮಾಲೀಕ ಹೊರಗೆ ಬಂದು ಏನು ಗಲಾಟೆ ಎಂದು ಕೇಳಿ, ವಿಷಯ ತಿಳಿದ ಮೇಲೆ ತಾನೂ ಅದನ್ನೇ ಕೇಳಿದ. ಉಚ್ಚೆಂಗೆಪ್ಪ ಮೊದಮೊದಲು ದೊಡ್ಡ ಬರಹಗಾರನ ಗತ್ತಿನಲ್ಲಿ ಕಾದು ನೋಡ್ರಿ ಎನ್ನುತ್ತಿದ್ದ. ಆ ಮಾತು ಹಳಸಿದ ಮೇಲೆ ಹಿಂದಿನ ಬಾಗಿಲಿನಿಂದ ಓಡಾಡತೊಡಗಿದ.

ಹೆಂಡತಿಯ ಹತ್ತಿರ ಸೀರೆಯ ಮಾತಾಡಿ ನೋಡಿದ, ಹಂಪಿಗೆ ಕರೆದುಕೊಂಡು ಹೋಗುತ್ತೇನೆ ಎಂದು ನೋಡಿದ. ಜಂಬವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಸದ್ದು ಅವನ ಬೆನ್ನಿಗೆ ಬಿದ್ದಂತೆ ಕೇಳುತ್ತಿತ್ತು.

ಕೊನೆಗೆ ಅವನು ತಾನೇ ಬರೆಯಲು ಕೂತ. ನಂಬರು ಅವನದೇ ಆದ್ದರಿಂದ ಒಳಗೆ ಹೋಗಲು ಆ್ಯಪು ಅಡ್ಡಿ ಮಾಡಲಿಲ್ಲ. ವೇಬ್ರಿಡ್ಜಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು, ಬಲಗೈ ತೋರುಬೆರಳಿನಿಂದ ಬೆವರು ಸುರಿಸಿ ಅವನು ಹಡೆದ ಕಂತು ಪೂರ್ತಿ ಹೀಗಿತ್ತು: ಹೊನ್ನಮ್ಮ ಕುಡುಗೋಲು ಕೆಳಗೆ ಇಳಿಸಿದಳು. ತಪ್ಪಾಯಿತು ಎಂದು ಮೈದುನನ ಕಾಲಿಗೆ ಬಿದ್ದಳು. ಮನೆಗೆ ಹೋಗಿ ಅಡುಗೆ ಮಾಡಿದಳು. ಎಲ್ಲರೂ ಊಟ ಮಾಡಿದರು. ಮುಕ್ತಾಯ.

ಆಮೇಲೆ ನಡೆದದ್ದನ್ನು ಬಣ್ಣಿಸುವುದು ಕಷ್ಟ. ಓದುಗರ ಬೈಗುಳಗಳು ಮುಂಗಾರಿನ ಆಲಿಕಲ್ಲಿನಂತೆ ಬಿದ್ದವು. ಕೆಂಡಕ್ಕೆ ನೀರು ಹೊಯ್ದವರು ಯಾರು ಎಂದು ಒಬ್ಬರು ಕೇಳಿದರು. ಹೊನ್ನಮ್ಮನನ್ನು ಕಾಲಿಗೆ ಬೀಳಿಸಿದ ಕೈ ಸೇದಿಹೋಗಲಿ ಎಂದು ಸಂಡೂರಿನ ಒಬ್ಬಾಕೆ ಹರಸಿದಳು. ನಳದ ಹತ್ತಿರ ಭರಮಮ್ಮ ಆ ಕಂತನ್ನು ಓದಿ, ಬಾಯಿ ಹೊಲಸಾಯಿತು ಎಂದು ನೀರು ಮುಕ್ಕಳಿಸಿ ಉಗಿದಳು. ಜಂಬವ್ವ ಅದನ್ನು ಕೇಳಿ ಮನೆಗೆ ಬಂದು, ಕಲಸಿದ್ದ ಹಿಟ್ಟನ್ನು ಅರ್ಧಗಂಟೆ ಸುಮ್ಮನೆ ಗುದ್ದಿದಳು.

ಕಂಪ್ಲಿಯ ಜಡೆಪ್ಪನವರಂತೂ ಊಟ ಬಿಟ್ಟಿದ್ದರು. ತಾವು ಶಾಲು ಹೊದಿಸಿದ ಮೇಲೆ ಬರಹಗಾರ ಹೀಗೆ ಕೆಟ್ಟನೆಂದರೆ ದೋಷ ಶಾಲಿನದೇ ಇರಬೇಕೆಂಬ ಅನುಮಾನ ಅವರನ್ನು ತಿನ್ನುತ್ತಿತ್ತು. ಒಂದು ಜೀಪು ತುಂಬ ಓದುಗರನ್ನು ಹೇರಿಕೊಂಡು ಅವರು ಚಿತ್ತವಾಡ್ಗಿಗೇ ಬಂದಿಳಿದರು. ಉಚ್ಚೆಂಗೆಪ್ಪ ಹಿತ್ತಲಿಗೆ ಹೊರಟಿದ್ದ. ಅಲ್ಲಿ ಭರಮಮ್ಮ ನಿಂತಿದ್ದಳು. ಅನಿವಾರ್ಯವಾಗಿ ಕಟ್ಟೆಗೆ ಬಂದು ಕೂತ. ಓಣಿ ಪೂರ್ತಿ ನೆರೆದಿತ್ತು.

ಜಡೆಪ್ಪನವರು ಜಗಳಕ್ಕೆ ಬಂದವರಲ್ಲ, ಗೋಗರೆಯಲು ಬಂದವರು. ಹೊನ್ನಮ್ಮ ಕಾಲಿಗೆ ಬೀಳುವವಳಲ್ಲ, ದಯವಿಟ್ಟು ಆ ಕಂತು ತೆಗೆಯಿರಿ ಎಂದರು. ಉಚ್ಚೆಂಗೆಪ್ಪ ಗಂಟಲು ಸರಿಮಾಡಿಕೊಂಡು, ಹೆಂಗಸಿಗೆ ಅಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಸಾಹಿತ್ಯದ ಧೋರಣೆ ವಿವರಿಸಿದ. ಜಡೆಪ್ಪನವರ ಮುಖ ಕಪ್ಪಾಯಿತು.

"ಅಲ್ರೀ, ಆ ಕುಡುಗೋಲು ಎಂಥಾದ್ದು? ಅದನ್ನ ಕೆಳಗಿಡಾಕ ಆಕಿಗೆ ಹೆಂಗ ಮನಸು ಬಂತು? ಅದನ್ನ ಆಕಿಗೆ ಕೊಟ್ಟೋರು ಯಾರು, ನೀವ ಹೇಳ್ರಿ ನೋಡೋಣು."

ಉಚ್ಚೆಂಗೆಪ್ಪ ಆಕಾಶ ನೋಡಿದ. ಜೀಪು ನೋಡಿದ. ಕುಡುಗೋಲನ್ನು ಯಾರಾದರೂ ಯಾಕೆ ಕೊಡುತ್ತಾರೆ?

"ಸಂತ್ಯಾಗ ತಗೊಂಡಿದ್ದಳ್ರಿ," ಎಂದ.

ಜೀಪಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಂಬವ್ವ ಈ ಸಲ ಬಾಯಿ ಬಿಡಬಾರದೆಂದು ಹಟ ಹಿಡಿದು ಒಳಗೆ ಕೂತಿದ್ದಳು. ತನ್ನ ಹೆಸರಿಗೆ ಬಂದ ಕುತ್ತನ್ನು ಎಷ್ಟೋ ದಿನ ತಡೆದುಕೊಂಡಿದ್ದಳು. ಹೊನ್ನಮ್ಮನ ಕುಡುಗೋಲಿಗೆ ಬಂದದ್ದನ್ನು ಮಾತ್ರ ತಡೆಯಲು ಆಗಲಿಲ್ಲ.

"ಸಂತ್ಯಾಗಲ್ಲ," ಎಂದು ಒಳಗಿನಿಂದ ದನಿ ಬಂತು. "ಅವರವ್ವ ಕೊಟ್ಟಿದ್ದು. ಗಂಡನ ಮನಿಗೆ ಕಳಸೋವಾಗ ಸೀರಿ ನಡುವ ಸುತ್ತಿ ಇಟ್ಟಿದ್ಲು. ಬಂಗಾರ ಇದ್ದಿಲ್ಲ ಆಕಿ ಕಡೆ, ಅದಕ್ಕ. ಅಂಥಾದ್ದನ್ನ ಹೊನ್ನಮ್ಮ ಯಾರ ಕಾಲಿನ ಬುಡಕ ಇಡ್ತಾಳ್ರಿ?"

ಜಡೆಪ್ಪನವರು ಬಾಗಿಲ ಕಡೆ ನೋಡಿದರು, ಉಚ್ಚೆಂಗೆಪ್ಪನ ಕಡೆ ನೋಡಿದರು, ಮತ್ತೆ ಬಾಗಿಲ ಕಡೆ ನೋಡಿದರು. ಹೆಗಲ ಮೇಲಿದ್ದ ಟವೆಲ್ಲು ತಾನಾಗಿ ಕೈಗೆ ಇಳಿಯಿತು.

"ಬರಿಯೋರು ಯಾರಪ್ಪ ಈ ಮನ್ಯಾಗ?" ಎಂದು ಮೆಲ್ಲಗೆ ಕೇಳಿದರು.

ಉಚ್ಚೆಂಗೆಪ್ಪನ ಕೈ ತಾನಾಗಿ ಎದ್ದು ಬಾಗಿಲನ್ನು ತೋರಿಸಿತು.

ಜಡೆಪ್ಪನವರಿಗೆ ಅಲ್ಲೇ ಶಾಲು ಹೊದಿಸಿಬಿಡುವ ಆತುರ. ಜೀಪಿನಲ್ಲಿ ಸದಾ ಒಂದು ಇರುತ್ತಿತ್ತು. ಜಂಬವ್ವ ಒಪ್ಪಲಿಲ್ಲ. ಓಣಿಯ ಕಟ್ಟೆ ಸಾಲದು, ಸುಳ್ಳು ಎಲ್ಲಿ ಹುಟ್ಟಿತೋ ನಿಜವೂ ಅಲ್ಲೇ ಹುಟ್ಟಬೇಕು, ಅದೇ ಕಂಪ್ಲಿ, ಅದೇ ಮೈಕು, ಅದೇ ಬಾಯಿ ಎಂದಳು. ಬ್ಯಾನರು ಬೇಕಾದರೆ ಹೊಸದಿರಲಿ ಎಂದಳು.

ಹಾಗೇ ಆಯಿತು. ಕಂಪ್ಲಿಯ ಆ ಸಭೆಗೆ ಜಾಗ ಸಾಲದೆ ಜನ ಅಕ್ಕಿಯ ಚೀಲಗಳ ಮೇಲೆ ಕೂತಿದ್ದರು. ಉಚ್ಚೆಂಗೆಪ್ಪ ಪೇಟ, ಶಾಲು ಎರಡನ್ನೂ ಮಡಿಚಿ ತಂದಿದ್ದ. ಮೈಕಿನ ಮುಂದೆ ನಿಂತು, ಬರೆದವಳು ಜಂಬವ್ವ, ನನ್ನ ಹೆಂಡತಿ ಎಂದ. ನಾನು ಓದಿಯೂ ಇರಲಿಲ್ಲ ಎಂದ. ಅಲ್ಲಿಗೆ ಇಳಿಯಲು ಹೊರಟಿದ್ದ, ಹೆಂಡತಿಯ ಕಣ್ಣು ನೋಡಿ ನಿಂತ. ಅಪ್ಪನ ಕಾಲು ಒತ್ತುವ ಮಾತು ಆಡುತ್ತಿದ್ದದ್ದು ಆಕೆಯಲ್ಲ, ನಾನು ಎಂದ. ಹೆಂಗಸರ ಕಡೆಯಿಂದ ಬಂದ ಚಪ್ಪಾಳೆ ಅವನ ತೂಕವನ್ನು ಏನೂ ಹೆಚ್ಚಿಸಲಿಲ್ಲ. ಜಂಬವ್ವನ ಸಿಟ್ಟು ಕರಗಿತು ಎಂದುಕೊಳ್ಳಬೇಡಿ. ಆಕೆ ಅವನನ್ನು ನೋಡುತ್ತಿದ್ದ ರೀತಿಯಲ್ಲಿ ಇನ್ನೂ ಹತ್ತಾರು ಕಂತುಗಳಿಗೆ ಬೇಕಾದಷ್ಟು ಸರಕು ಉಳಿದಿತ್ತು.

ಆಮೇಲೆ ಜಡೆಪ್ಪನವರ ಸರದಿ. ಕಳೆದ ಸಲ ತಪ್ಪು ತಲೆಗೆ ಸುರಿದ ಹೊಗಳಿಕೆಯನ್ನೆಲ್ಲ ಬಡ್ಡಿ ಸೇರಿಸಿ ಸುರಿದರು. ಓಣಿಯಲ್ಲಿ ಕೇಳಿದ ಕಥೆಗಳೆಲ್ಲ ಮೆರವಣಿಗೆ ಹೊರಟವು. ಈ ತಾಯಿ ಬರೆಯುವುದು ಎಡಗೈ ಹೆಬ್ಬೆರಳಿನಿಂದ ಮಾತ್ರ ಎಂದರು. ಎಡಗೈ ಎಂದರೆ ಹೃದಯದ ಕಡೆಯ ಕೈ ಎಂದರು. ಫೋನಿಗೆ ವಿಭೂತಿ ಇಟ್ಟು, ಬಲಗೈಯನ್ನು ದೇವರಿಗೆ ಮೀಸಲಿಟ್ಟು ಬರೆಯುವ ಇಂಥ ವ್ರತ ಹಿಂದೆ ಯಾರೂ ಹಿಡಿದಿಲ್ಲ, ಮುಂದೆ ಯಾರೂ ಹಿಡಿಯಲಾರರು ಎಂದರು. ಭರಮಮ್ಮ ಮುಂದಿನ ಸಾಲಿನಲ್ಲಿ ಕೈಮುಗಿದು ಕೂತಿದ್ದಳು. ಜಡೆಪ್ಪನವರು ಮೈಕನ್ನು ಜಂಬವ್ವನ ಮುಂದಿಟ್ಟು, ತಲೆ ಬಾಗಿಸಿ ಕೇಳಿದರು:

"ಅವ್ವಾರ, ಇವತ್ತು ಆ ಗುಟ್ಟು ನೀವ ಬಿಡಸಬೇಕು. ಎಡಗೈ ಹೆಬ್ಬೆರಳೇ ಯಾಕ್ರಿ?"

ಜಂಬವ್ವ ಮೈಕನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಬಲಗೈಗೆ ರೊಟ್ಟಿ ಹಿಟ್ಟು ಹತ್ತಿರ್ತತಲ್ರೀ," ಎಂದಳು.